ಚಿತ್ರದಲ್ಲಷ್ಟೇ ಅರಳುವ ಹೂಗುಚ್ಛ

17-18ನೇ ಶತಮಾನದ ಡಚ್ ಮತ್ತು ಫ್ಲೆಮಿಶ್ (ಇಂದಿನ ಬೆಲ್ಜಿಯಂ ಕಡೆಯ) ಹೂಚಿತ್ರಗಳನ್ನು ನೋಡಿ ಆಗಿನ ಮನೆಗಳಲ್ಲಿ ಹೂ ಹೀಗೇ ಜೋಡಿಸುತ್ತಿದ್ದರು ಎಂದುಕೊಂಡರೆ ಮೋಸಹೋದಂತೆ. ಯಾನ್ ಬ್ರೂಗೆಲ್‌ನಿಂದ ಯಾನ್ ಫಾನ್ ಹಾಯ್ಸಮ್‌ವರೆಗೆ ಯಾವ ಚಿತ್ರಕಾರನ ಚಿತ್ರ ತೆಗೆದುಕೊಂಡರೂ ವಸಂತದ ಟ್ಯುಲಿಪ್, ಬೇಸಿಗೆಯ ಗುಲಾಬಿ ಒಂದೇ ಹೂದಾನಿಯಲ್ಲಿರುತ್ತವೆ. ಒಂದೊಂದು ಹೂವನ್ನೂ ಅದು ಅರಳಿದಾಗ ನೋಡಿ ಬರೆದು ಕೂಡಿಸಿದ ಗುಚ್ಛ ಅದು. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಫಾನ್ ಹಾಯ್ಸಮ್‌ನ ಚಿತ್ರವೊಂದರ ಮೇಲೆ 1736, 1737 ಎಂದು ಎರಡು ವರ್ಷಗಳೇ ನಮೂದಾಗಿವೆ. ಹಳದಿ ಗುಲಾಬಿ ಸಿಗಲಿಲ್ಲವೆಂದು ಚಿತ್ರ ಮುಗಿಸಲು ತಡವಾಗುತ್ತಿದೆ ಎಂದು 1742ರಲ್ಲಿ ಆತ ಗಿರಾಕಿಗೆ ಪತ್ರ ಬರೆದದ್ದೂ ಉಂಟು.

ಋತುವಿನ ತೊಡಕು ಬಿಟ್ಟರೂ ಆ ಗುಚ್ಛ ನಿಲ್ಲುವುದು ಕಷ್ಟ. ಭಾರದ ಹೂಗಳೆಲ್ಲ ತುದಿಯಲ್ಲಿ, ಕೆಳಗೆ ಕಿರಿದಾದ ಕುತ್ತಿಗೆ; ಅಷ್ಟು ದಂಟುಗಳಿಗೆ ಅಲ್ಲಿ ಜಾಗವೆಲ್ಲಿ? ಜೊತೆಗೆ ಡ್ಯಾಫೊಡಿಲ್ ಎಂಬ ವಸಂತದ ಹೂ ಇದ್ದರಂತೂ ಮುಗಿಯಿತು. ಕತ್ತರಿಸಿದ ದಂಟಿನಿಂದ ಅದು ಲೋಳೆ ಬಿಡುತ್ತದೆ. ಲೋಳೆಯಲ್ಲಿನ ಸಕ್ಕರೆ ತಿಂದು ಬ್ಯಾಕ್ಟೀರಿಯಾ ಹೆಚ್ಚಿ, ಗುಲಾಬಿಯ ನೀರೇರುವ ನಾಳಗಳನ್ನು ಕಟ್ಟಿಬಿಡುತ್ತವೆ. ಕಾಲಡಿ ನೀರಿದ್ದೂ ಹೂ ತಲೆ ಬಾಗಿಸುತ್ತದೆ. ಡ್ಯಾಫೊಡಿಲ್ ಬೇಕೇ ಬೇಕೆಂದರೆ ಅದನ್ನು ಮೊದಲು ಬೇರೆ ನೀರಿನಲ್ಲಿ 12ರಿಂದ 24 ಗಂಟೆ ಇಟ್ಟು, ಮತ್ತೆ ಕತ್ತರಿಸದೆ ಸೇರಿಸಬೇಕು. ಹೊಸದಾಗಿ ಕತ್ತರಿಸಿದರೆ ಲೋಳೆ ಮತ್ತೆ ಶುರು.

ನಿಜವಾದ ಹೂಗಳಿಗೆ ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್ ಪಟ್ಟಣದ ಕುಂಬಾರರು ಬೇರೆಯೇ ದಾರಿ ಕಂಡುಕೊಂಡರು. 17ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಎರಡನೇ ಮೇರಿ ರಾಣಿಯ ಕಾಲಕ್ಕೆ ನೀಲಿ-ಬಿಳಿ ಹೂಗೋಪುರಗಳು ಮೆರೆದವು. ಕೆಲವು ಒಂದೂವರೆ ಮೀಟರ್ ಎತ್ತರ. ಅಂತಸ್ತಿನ ಮೇಲೆ ಅಂತಸ್ತು, ಪ್ರತಿ ಅಂತಸ್ತಿಗೂ ಅದರದೇ ನೀರು, ಮೂಲೆಮೂಲೆಗೂ ಚಾಚಿದ ಕೊಳವೆ, ಕೊಳವೆಗೊಂದು ಹೂ. ಇದನ್ನು ಟ್ಯುಲಿಪ್ ಹೂದಾನಿ ಎಂದು ಕರೆದರೂ ಟ್ಯುಲಿಪ್‌ಗೆ ಮಾತ್ರ ಮೀಸಲಾಗಿರಲಿಲ್ಲ.

ಇಂಗ್ಲೆಂಡಿನ ಕೆನ್ಸಿಂಗ್ಟನ್‌ನಲ್ಲಿ ನರ್ಸರಿ ನಡೆಸುತ್ತಿದ್ದ ರಾಬರ್ಟ್ ಫರ್ಬರ್ 1730ರಲ್ಲಿ ತಿಂಗಳಿಗೊಂದರಂತೆ ಹನ್ನೆರಡು ಹೂಗುಚ್ಛಗಳ ಮುದ್ರಿತ ಚಿತ್ರಗಳನ್ನು ಹೊರತಂದ. ಪ್ರತಿ ಹೂವಿಗೂ ಒಂದು ಸಂಖ್ಯೆ, ಕೆಳಗೆ ಹೆಸರು: ಅಂದರೆ ಗಿಡ ಮಾರುವ ಕ್ಯಾಟಲಾಗ್. ಅಮೆರಿಕದ ವರ್ಜೀನಿಯಾದಲ್ಲಿ ಬ್ರಿಟಿಷ್ ವಸಾಹತು ಕಾಲದ ವಿಲಿಯಮ್ಸ್‌ಬರ್ಗ್ ಪಟ್ಟಣದ ಪುನರುದ್ಧಾರ ಶುರುವಾದದ್ದು 1920ರ ದಶಕದಲ್ಲಿ. ಅಲ್ಲಿನ ಹೂಜೋಡಣೆಗೆ ಇಂಥ ಚಿತ್ರಗಳೂ ಆಧಾರವಾದವು. ಹಾಗಾಗಿ ಇಂದು ‘ವಸಾಹತು ಶೈಲಿ’ ಎಂದು ಮಾರಾಟವಾಗುವ ತುಂಬುಗುಚ್ಛದಲ್ಲಿ 18ನೇ ಶತಮಾನದಷ್ಟೇ 20ನೇ ಶತಮಾನದ ಕೈಯೂ ಇದೆ.

ನನಗೆ ಹೆಚ್ಚು ನಂಬಿಕೆ 18ನೇ ಶತಮಾನದ ಐದು ಬೆರಳಿನ ಹೂದಾನಿಯ ಮೇಲೆ. ಬೀಸಣಿಗೆಯಂತೆ ಒಂದೇ ಸಾಲಿನಲ್ಲಿ ಹರಡಿದ ಐದು ಕೊಳವೆಗಳು, ಅಡಿಯಲ್ಲಿ ಎಲ್ಲಕ್ಕೂ ಸೇರಿ ಒಂದೇ ಹೊಟ್ಟೆ. ಮುಂದಿನಿಂದ ಮಾತ್ರ ನೋಡುವಂಥದ್ದು. ಗೋಡೆಗೆ ತಾಗಿಸಿ ಇಡಲು ಹೇಳಿಮಾಡಿಸಿದ್ದು. ಮೊದಲು ನೀರು ತುಂಬಿ. ನಡುವಿನ ಕೊಳವೆಗೆ ಎತ್ತರದ, ನೆಟ್ಟಗಿನ ದಂಟು, ಅಕ್ಕಪಕ್ಕಕ್ಕೆ ಗಿಡ್ಡವು, ಅಂಚಿಗೆ ತಾನಾಗಿಯೇ ಬಾಗುವಂಥವು. ಕೊಳವೆಗೆ ಎರಡು-ಮೂರು ದಂಟು ಸಾಕು, ಬಿಗಿದು ತುರುಕಿದರೆ ಬುಡ ನಜ್ಜಾಗುತ್ತದೆ. ನೀರಿನೊಳಗೆ ಎಲೆ ಇರಕೂಡದು.

ಸಾಮಾನ್ಯವಾಗಿ ಮೊದಲು ಬಾಡುವುದು ಅಂಚಿನ ಹೂ. ಕಾರಣ ಸರಳ: ಹೂ ಕೆಳಗಿರಲೆಂದು ದಂಟನ್ನು ಗಿಡ್ಡ ಕತ್ತರಿಸಿರುತ್ತೇವೆ. ಹೊಟ್ಟೆಯ ನೀರು ಇಳಿದ ಕೂಡಲೇ ಅದರ ಬುಡ ಒಣಕೊಳವೆಯಲ್ಲಿ ನಿಂತು ಗಾಳಿ ಎಳೆಯುತ್ತದೆ. ನಾಳದಲ್ಲಿ ಗುಳ್ಳೆ ಸೇರಿದರೆ ನೀರಿನ ಎಳೆ ತುಂಡಾಗುತ್ತದೆ. ಆಮೇಲೆ ನೀರು ಸುರಿದರೆ ಸಾಲದು, ಬುಡದಿಂದ ಎರಡು ಸೆಂ.ಮೀ.ನಷ್ಟು ನೀರೊಳಗೇ ಕತ್ತರಿಸಬೇಕು. ಹಾಗಾಗಿ ದಂಟು ಹೊಟ್ಟೆಯ ತಳ ಮುಟ್ಟುವಷ್ಟು ಉದ್ದ ಇರಲಿ, ನೀರನ್ನು ದಿನವೂ ತುಂಬಿಸಿ. ಟ್ಯುಲಿಪ್ ಕತ್ತರಿಸಿದ ಮೇಲೂ ಕೆಲವು ಸೆಂ.ಮೀ. ಬೆಳೆದು ಬೆಳಕಿನತ್ತ ಬಾಗುತ್ತದೆ. ಮೊದಲ ದಿನ ಅದನ್ನು ತುಸು ಗಿಡ್ಡವಾಗಿಯೇ ಇಡಬೇಕು.

ಕಿರುಕೊಳವೆಗಳ ಒಳಗೆ ಜಿಗುಟು ಕಟ್ಟಿದರೆ ಒಂದು ಹಿಡಿ ಅಕ್ಕಿ, ಉಗುರುಬೆಚ್ಚನೆ ನೀರು, ಸ್ವಲ್ಪ ವಿನೆಗರ್ ಹಾಕಿ ಕುಲುಕಿ. ಹಳೆಯ ಡೆಲ್ಫ್ಟ್ ಪಾತ್ರೆಗೆ ಮಾತ್ರ ಈ ಉಪಾಯ ಬೇಡ. ಅದರ ಮೆರುಗಿನ ಪದರ ಸುಲಭವಾಗಿ ಚಕ್ಕೆ ಏಳುತ್ತದೆ.