ಒಣಗಿಸುವ ಕೋಣೆಯ ಕಿಂಡಿ ಮುಚ್ಚಬೇಡಿ

ಜೂನ್ ಶುರುವಾಯಿತೆಂದರೆ ನನ್ನ ಫೋನಿಗೆ ಬಿಡುವಿರುವುದಿಲ್ಲ. ಬೆಳ್ತಂಗಡಿ, ಪುತ್ತೂರು, ಮೂಡುಬಿದಿರೆ, ಕಾರ್ಕಳ, ಎಲ್ಲ ಕಡೆಯಿಂದ ಒಂದೇ ಮಾತು: "ಹೀಟರ್ ಹಿಡೀತಾ ಇಲ್ಲ, ಇವತ್ತೇ ಬರ್ಲಿಕ್ಕೆ ಆಗ್ತದಾ?" ಕಾರಣ ಉಂಟು. ಜಾಯಿಕಾಯಿ ಬೀಳುವುದೇ ಮಳೆಗಾಲದಲ್ಲಿ. ಅರ್ಧ ಒಣಗಿದ ಅಡಿಕೆಯನ್ನು ಅಂಗಳದಿಂದ ಒಳಗೆ ಎಳೆದು ಹಾಕಿರುತ್ತಾರೆ. ಕೋಳಿ ಫಾರ್ಮಿಗೆ ಹೊಸ ಮರಿ ಬಂದಿರುತ್ತದೆ, ಮೊದಲ ವಾರ ಅವಕ್ಕೆ 32ರಿಂದ 35 ಡಿಗ್ರಿ ಬಿಸಿ ಬೇಕು. ವರ್ಷಕ್ಕೆ ಹತ್ತಿರ ಹತ್ತಿರ 4,000 ಮಿ.ಮೀ. ಮಳೆ ಹೊಯ್ಯುವ ದಕ್ಷಿಣ ಕನ್ನಡ, ಉಡುಪಿ ಎಂಬ ನಮ್ಮ ಎರಡು ಜಿಲ್ಲೆಗಳಲ್ಲಿ ಬಿಸಿಲನ್ನು ನಂಬಿ ಕೂತರೆ ಆಗುತ್ತದಾ? ಹಾಗಾಗಿ ಗ್ಯಾಸಿನ ಬಿಸಿಗಾಳಿ ಹೀಟರ್ ತುಂಬ ಮನೆಗಳಿಗೆ ಬಂದಿದೆ.

ಮಂಗಳೂರಿನಲ್ಲಿ ಕೂತು ಇವುಗಳ ರಿಪೇರಿ ಮಾಡುತ್ತಾ ನನಗೆ ಹದಿನೆಂಟು ವರ್ಷ ಆಯಿತು. ಒಂದು ವಿಷಯ ಮಾತ್ರ ಪ್ರತಿ ಮನೆಯಲ್ಲೂ ಹೇಳಬೇಕಾಗುತ್ತದೆ. ಎಲ್ಲರಿಗೂ ಗ್ಯಾಸ್ ಲೀಕ್ ಆಗುವ ಹೆದರಿಕೆ. ಅದು ಇರಬೇಕು, ಸರಿ. ಆದರೆ ಗಾಳಿ ಸಾಲದಿದ್ದರೆ ಏನಾಗುತ್ತದೆ ಎನ್ನುವ ಹೆದರಿಕೆ ಯಾರಿಗೂ ಇಲ್ಲ. ನಾನು ನೋಡಿದ ಅಪಾಯದ ಹೀಟರುಗಳಲ್ಲಿ ಹೆಚ್ಚಿನವುಗಳಲ್ಲಿ ಗ್ಯಾಸ್ ಸರಿಯಾಗಿಯೇ ಇತ್ತು, ಗಾಳಿಯ ದಾರಿ ಮುಚ್ಚಿತ್ತು.

ಕೆಲವು ವರ್ಷದ ಹಿಂದೆ ಬೆಳ್ತಂಗಡಿ ಆಚೆ ಒಂದು ತೋಟದ ಮನೆಗೆ ಹೋಗಿದ್ದೆ. ಜಾಯಿಕಾಯಿ, ಜಾಪತ್ರೆ ಒಣಗಿಸುವ ಕೋಣೆ. ಹತ್ತಡಿ ಉದ್ದ, ಹತ್ತಡಿ ಅಗಲ. ಬಿಸಿ ಹೋಗಬಾರದು ಎಂದು ಕಿಟಕಿಗೆ ಪ್ಲಾಸ್ಟಿಕ್ ಶೀಟು ಹೊಡೆದಿದ್ದರು. ಬಾಗಿಲ ಅಡಿಗೆ ಗೋಣಿ ತುರುಕಿದ್ದರು. ಮಾಡಿನ ಸಂದಿಗೂ ಗೋಣಿಯೇ. ಅಲ್ಲಿ ರಾತ್ರಿ ತಟ್ಟೆ ಮಗುಚಲು ಇದ್ದ ಹುಡುಗ ಹೇಳಿದ, "ಬೆಳಿಗ್ಗೆ ಏಳುವಾಗ ತಲೆ ಭಾರ, ವಾಂತಿ ಬಂದ ಹಾಗೆ. ಹಟ್ಟಿಗೆ ಹೋಗಿ ಹಾಲು ಕರೆದು ಬಂದರೆ ಸರಿಯಾಗ್ತದೆ." ಮನೆಯವರು ಅದು ಜಾಯಿಕಾಯಿ ಪರಿಮಳದ್ದು ಎಂದುಕೊಂಡಿದ್ದರು. ನನಗೆ ಕೈಕಾಲು ತಣ್ಣಗಾಯಿತು. ಒಳಗಿದ್ದಾಗ ತಲೆನೋವು, ಹೊರಗೆ ಬಂದರೆ ಕಡಿಮೆ ಎಂದರೆ ಅದು ಕಾರ್ಬನ್ ಮೊನಾಕ್ಸೈಡ್ ಎನ್ನುವ ವಿಷಗಾಳಿಯ ಲಕ್ಷಣ. ಹೀಟರ್ ಹಚ್ಚಿ ಕಾಲು ಗಂಟೆ ಕಾದೆ. ಆ ವಿಷಗಾಳಿ ಅಳೆಯುವ ನನ್ನ ಮೀಟರ್ ಕೂಗಲು ಶುರು ಮಾಡಿತು. ಬಾಗಿಲು ತೆರೆದು ಎಲ್ಲರನ್ನೂ ಅಂಗಳಕ್ಕೆ ಕರೆದುಕೊಂಡು ಬಂದೆ.

ಬರ್ನರ್ ಬಿಚ್ಚಿದರೆ ಗಾಳಿ ಎಳೆಯುವ ಬಾಯಿಯೊಳಗೆ ಕುಂಬಾರ ಹುಳದ ಗೂಡು. ಹೆಬ್ಬೆರಳಿನಷ್ಟು ದಪ್ಪ, ಒಣಗಿ ಕಲ್ಲಾದ ಕೆಂಪು ಮಣ್ಣು. ಬೇಸಿಗೆಯಲ್ಲಿ ಹೀಟರ್ ಸುಮ್ನೆ ಮೂಲೆಯಲ್ಲಿ ಇದ್ದಾಗ ಹುಳ ಕಟ್ಟಿದ್ದು. ಒಂದು ಕಡೆ ಬರ್ನರಿಗೆ ಗಾಳಿ ಇಲ್ಲ, ಇನ್ನೊಂದು ಕಡೆ ಕೋಣೆಗೇ ಗಾಳಿ ಇಲ್ಲ. ಉರಿ ಹಳದಿಯಾಗಿ, ತುದಿಯಲ್ಲಿ ಮಸಿ ಬಿಡುತ್ತಾ, ಸೀಮೆಎಣ್ಣೆ ದೀಪದ ಹಾಗೆ ಅಲ್ಲಾಡುತ್ತಿತ್ತು. ಆ ಹುಡುಗ ತಿಂಗಳುಗಟ್ಟಲೆ ಅದರ ಮುಂದೆ ಮಲಗಿದ್ದಾನೆ.

ಲೆಕ್ಕ ಹಾಕಿ ನೋಡಿ. ಒಂದು ಕೆ.ಜಿ. ಎಲ್‌ಪಿಜಿ ಪೂರ್ತಿ ಉರಿಯಬೇಕಾದರೆ ಸುಮಾರು 12 ಘನ ಮೀಟರ್ ಗಾಳಿ ಬೇಕು. ಗಂಟೆಗೆ ಎರಡು ಕೆ.ಜಿ. ಉರಿಸುವ ಹೀಟರ್ ಎಂದಿಟ್ಟುಕೊಳ್ಳಿ, 24 ಘನ ಮೀಟರ್ ಆಯಿತು. ಹತ್ತಡಿ ಉದ್ದ, ಹತ್ತಡಿ ಅಗಲ, ಒಂಬತ್ತಡಿ ಎತ್ತರದ ಕೋಣೆಯಲ್ಲಿ ಇರುವ ಗಾಳಿಯೇ 25 ಘನ ಮೀಟರ್. ಅಂದರೆ ಒಂದು ಗಂಟೆಗೆ ಕೋಣೆಯಷ್ಟು ಗಾಳಿ ಬೇಕು. ಅಷ್ಟೂ ಖರ್ಚಾಗುವವರೆಗೆ ಉರಿ ಕಾಯುವುದಿಲ್ಲ. ಆಮ್ಲಜನಕ ಸ್ವಲ್ಪ ಕಡಿಮೆಯಾದ ಕೂಡಲೇ ಅರೆಬರೆ ಉರಿಯಲು ಶುರು, ಆಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದು ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ.

ವಾಸನೆ ಎಂದೆ ಅಲ್ವಾ, ಅಲ್ಲೇ ತುಂಬ ಜನ ಮೋಸ ಹೋಗುವುದು. "ಸರ್, ಗ್ಯಾಸ್ ವಾಸನೆ ಏನೂ ಬರ್ಲಿಲ್ಲ" ಎನ್ನುತ್ತಾರೆ. ಎಲ್‌ಪಿಜಿಗೆ ಆ ಕೆಟ್ಟ ವಾಸನೆ ಬರಲಿ ಎಂದೇ ಮರ್ಕ್ಯಾಪ್ಟನ್ ಎನ್ನುವ ರಾಸಾಯನಿಕ ಸೇರಿಸಿರುತ್ತಾರೆ. ಆದರೆ ಗ್ಯಾಸ್ ಉರಿಯುವಾಗ ಅದೂ ಉರಿದುಹೋಗುತ್ತದೆ. ಮೂಗು ಉರಿಯದ ಗ್ಯಾಸನ್ನು ಹಿಡಿಯುತ್ತದೆ, ಕೆಟ್ಟದಾಗಿ ಉರಿದ ಗ್ಯಾಸನ್ನು ಹಿಡಿಯುವುದಿಲ್ಲ. ನಮ್ಮ ಅಜ್ಜಂದಿರು ಅಟ್ಟದಲ್ಲಿ ಕೊಬ್ಬರಿ ಹರಡಿ ಕೆಳಗೆ ಸಿಪ್ಪೆ, ಕಟ್ಟಿಗೆ ಹಾಕಿ ಒಣಗಿಸುತ್ತಿದ್ದರು. ಅಲ್ಲಿಯೂ ಇದೇ ವಿಷ ಇತ್ತು. ಆದರೆ ಹೊಗೆ ಕಣ್ಣು ಉರಿಸಿ, ಕೆಮ್ಮು ಬರಿಸಿ ಮನುಷ್ಯನನ್ನು ಹೊರಗೆ ಅಟ್ಟುತ್ತಿತ್ತು. ಗ್ಯಾಸ್ ಹೀಟರ್ ಹಾಗೆ ಅಟ್ಟುವುದಿಲ್ಲ, ಬೆಚ್ಚಗೆ ನಿದ್ದೆ ಬರಿಸುತ್ತದೆ. ಆದ್ದರಿಂದ ಹೀಟರ್ ಇರುವ ಕೋಣೆಯಲ್ಲಿ ಯಾರೂ ಮಲಗಬಾರದು. ಮಳೆ ಎಷ್ಟೇ ಇರಲಿ, ಚಾಪೆ ಬೇರೆ ಕೋಣೆಯಲ್ಲಿ.

ಹೀಟರಿನಲ್ಲಿ ಎರಡು ಜಾತಿ ಉಂಟು. ಒಂದರಲ್ಲಿ ಉರಿಯ ಗಾಳಿಯೇ ನೇರ ಕೋಣೆಗೆ ಬರುತ್ತದೆ. ಇನ್ನೊಂದರಲ್ಲಿ ಉರಿ ಒಂದು ಉಕ್ಕಿನ ಪೆಟ್ಟಿಗೆಯೊಳಗೆ, ಅದರ ಹೊಗೆ ಕೊಳವೆಯಲ್ಲಿ ಹೊರಗೆ, ಪೆಟ್ಟಿಗೆಯ ಹೊರಮೈಗೆ ತಾಗಿ ಬಿಸಿಯಾದ ಶುದ್ಧ ಗಾಳಿ ಮಾತ್ರ ಕೋಣೆಗೆ. ಬೆಲೆ ಜಾಸ್ತಿಯಾದರೂ ಒಣಗಿಸಲಿಕ್ಕೆ ಎರಡನೆಯದನ್ನೇ ತೆಗೆದುಕೊಳ್ಳಿ. ಜೀವದ ಮಾತು ಒಂದು, ಒಣಗುವ ಮಾತು ಇನ್ನೊಂದು. ಒಂದು ಕೆ.ಜಿ. ಗ್ಯಾಸ್ ಉರಿದರೆ ಸುಮಾರು 1.6 ಕೆ.ಜಿ. ನೀರು ಹುಟ್ಟುತ್ತದೆ, ಆವಿಯ ರೂಪದಲ್ಲಿ. ನೇರ ಉರಿಯ ಹೀಟರಿನಲ್ಲಿ ರಾತ್ರಿಗೆ ಹತ್ತು ಕೆ.ಜಿ. ಉರಿಸಿದಿರಿ ಎಂದರೆ ಹದಿನಾರು ಲೀಟರ್ ನೀರನ್ನು ನೀವೇ ಆ ಮುಚ್ಚಿದ ಕೋಣೆಗೆ ಸುರಿದ ಹಾಗೆ. ಕಿಂಡಿ ಮುಚ್ಚಿದರೆ ಬೇಗ ಒಣಗುತ್ತದೆ ಎನ್ನುವುದು ಇದಕ್ಕೇ ತಪ್ಪು. ಬೆಳ್ತಂಗಡಿಯ ಆ ಕೋಣೆಯಲ್ಲಿ ಗೋಡೆಯ ಮೇಲೆ ನೀರು ಇಳಿಯುತ್ತಿತ್ತು, ಜಾಪತ್ರೆಗೆ ಬೂಸ್ಟು ಹಿಡಿದಿತ್ತು. ನೆಲದ ಹತ್ತಿರ ಒಂದು ಕಿಂಡಿ, ಎದುರು ಗೋಡೆಯಲ್ಲಿ ಮಾಡಿನ ಹತ್ತಿರ ಇನ್ನೊಂದು ಕಿಂಡಿ ಕೊರೆಸಿ, ಇಲಿ ಬಾರದ ಹಾಗೆ ಜಾಲರಿ ಹಾಕಿಸಿದೆವು. ತಟ್ಟೆ ಮೊದಲಿಗಿಂತ ಬೇಗ ಒಣಗಿತು. ಕಿಂಡಿ ಎಷ್ಟು ದೊಡ್ಡದು ಬೇಕು ಎನ್ನುವುದು ನಿಮ್ಮ ಹೀಟರಿನ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ, ಅದಕ್ಕಿಂತ ಒಂದು ಇಂಚೂ ಕಡಿಮೆ ಮಾಡಬೇಡಿ. ಕೋಳಿ ಶೆಡ್ಡಿಗೂ ಇದೇ ಮಾತು. ಸುತ್ತ ಟರ್ಪಾಲು ಇಳಿಬಿಟ್ಟರೂ ಮೇಲ್ಗಡೆ ಒಂದಡಿಯಾದರೂ ತೆರೆದಿರಲಿ.

ಪೆಟ್ಟಿಗೆ ಇರುವ ಹೀಟರಿಗೂ ಒಂದು ಕಾಯಿಲೆ ಉಂಟು. ಉಕ್ಕು ಬಿಸಿಯಾಗಿ, ತಣ್ಣಗಾಗಿ, ವರ್ಷಗಳಾದ ಮೇಲೆ ಬೆಸುಗೆಯಲ್ಲಿ ಬಿರುಕು ಬಿಡುತ್ತದೆ. ಮಲ್ಪೆ, ಸುರತ್ಕಲ್, ಉಳ್ಳಾಲದಂಥ ಕಡಲ ಬದಿಯಲ್ಲಿ ಉಪ್ಪುಗಾಳಿಗೆ ತುಕ್ಕೂ ಬೇಗ. ಇದನ್ನು ನೀವೇ ಒಂದು ಮಟ್ಟಿಗೆ ನೋಡಬಹುದು. ಬರ್ನರ್ ಹತ್ತಿದ ಸ್ವಲ್ಪ ಹೊತ್ತಿನ ಮೇಲೆ ದೊಡ್ಡ ಫ್ಯಾನ್ ಶುರುವಾಗುತ್ತದೆ. ಆ ಕ್ಷಣ ಗಾಜಿನ ಕಿಂಡಿಯಲ್ಲಿ ಉರಿಯನ್ನೇ ನೋಡಿ. ಫ್ಯಾನ್ ಬರುವ ಮೊದಲು ನೀಲಿಯಾಗಿ ನೆಟ್ಟಗಿದ್ದ ಉರಿ, ಫ್ಯಾನ್ ಬಂದ ಕೂಡಲೇ ಒಂದು ಬದಿಗೆ ವಾಲಿದರೆ ಅಥವಾ ನಡುಗಿದರೆ ಎಲ್ಲೋ ಬಿರುಕು ಉಂಟು, ಫ್ಯಾನಿನ ಗಾಳಿ ಒಳಗೆ ನುಗ್ಗುತ್ತಿದೆ ಎಂದು ಅರ್ಥ. ಗ್ಯಾಸ್ ಬಂದ್ ಮಾಡಿ, ಮತ್ತೆ ಹಚ್ಚಬೇಡಿ. ಎಂ-ಸೀಲ್ ಮೆತ್ತಿ ನಡೆಸುವವರನ್ನು ನೋಡಿದ್ದೇನೆ, ಅದು ಆ ಬಿಸಿಗೆ ನಿಲ್ಲುವುದಿಲ್ಲ. ಪೆಟ್ಟಿಗೆಯನ್ನೇ ಬದಲಿಸಬೇಕು.

ಇನ್ನೊಂದು ಕೆಟ್ಟ ಅಭ್ಯಾಸ ಹೇಳುತ್ತೇನೆ, ಇದರ ಮೇಲೆ ನನಗೆ ನಿಜವಾಗಿ ಸಿಟ್ಟು. ಹೀಟರಿನೊಳಗೆ ಬಿಸಿ ಮಿತಿ ಮೀರಿದರೆ ಗ್ಯಾಸ್ ಕಟ್ ಮಾಡುವ ಲಿಮಿಟ್ ಸ್ವಿಚ್ ಇರುತ್ತದೆ. ಫಿಲ್ಟರಿನಲ್ಲಿ ಅಡಿಕೆ ಧೂಳು ತುಂಬಿ ಗಾಳಿ ಓಡದಿದ್ದರೆ ಅದು ಪದೇ ಪದೇ ಟ್ರಿಪ್ ಆಗುತ್ತದೆ. ಫಿಲ್ಟರ್ ತೊಳೆಯಲು ಹತ್ತು ನಿಮಿಷ ಸಾಕು. ಅದರ ಬದಲು ಒಂದು ತುಂಡು ವಯರ್ ಹಾಕಿ ಸ್ವಿಚ್ಚನ್ನೇ ದಾಟಿಸುತ್ತಾರೆ. ಒಂದು ಶೆಡ್ಡಿನಲ್ಲಿ ಹಾಗೆ ಹಾಕಿದ ಕೆಂಪು ವಯರಿನ ಮೇಲಿನ ರಬ್ಬರ್ ಕರಗಿ ಪೆಟ್ಟಿಗೆಗೆ ಅಂಟಿತ್ತು, ಎರಡಡಿ ದೂರದಲ್ಲಿ ಒಣ ಅಡಿಕೆಯ ಗೋಣಿಗಳು. ಯಾರಾದರೂ ಮೆಕ್ಯಾನಿಕ್ ನಿಮಗೆ "ಈಗ ಇದನ್ನು ಬೈಪಾಸ್ ಮಾಡಿ ಕೊಡ್ತೇನೆ, ಸೀಸನ್ ಮುಗೀಲಿ" ಎಂದರೆ ಒಪ್ಪಬೇಡಿ. ಸೀಸನ್ ಹೋದರೆ ಹೋಗಲಿ.

ಹಚ್ಚುವ ವಿಷಯ. ಮೊದಲು ನೆಲದ ಹತ್ತಿರ ಬಗ್ಗಿ ಮೂಸಿ ನೋಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಕೆಳಗೆ ಹರಿದು ಗುಂಡಿ, ಚರಂಡಿಯಲ್ಲಿ ನಿಲ್ಲುತ್ತದೆ. 2013ರ ಏಪ್ರಿಲ್‌ನಲ್ಲಿ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಮಗುಚಿ ಬೆಂಕಿ ಹತ್ತಿದ್ದು ನಮ್ಮ ಕಡೆಯವರು ಯಾರೂ ಮರೆತಿಲ್ಲ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಗ್ಯಾಸ್ ಸೇರಿದರೂ ಕಿಡಿ ಸಾಕು. ಮೊದಲ ಸಲ ಹತ್ತದಿದ್ದರೆ ಐದು ನಿಮಿಷ ಕಾಯಿರಿ, ಒಳಗೆ ಸೇರಿದ ಗ್ಯಾಸ್ ಹೋಗಲಿ. ರಿಸೆಟ್ ಬಟನ್ ಎರಡು ಸಲ ಒತ್ತಿದರೂ ಹತ್ತದಿದ್ದರೆ ಮೂರನೇ ಸಲ ಒತ್ತಬೇಡಿ, ಫೋನ್ ಮಾಡಿ. ಹತ್ತುವ ಹೊತ್ತಿಗೆ ಮುಖ ಹತ್ತಿರ ಇಟ್ಟು ಇಣುಕಬೇಡಿ.

ನಿಲ್ಲಿಸುವಾಗ ಪ್ಲಗ್ ಎಳೆಯಬಾರದು. ಥರ್ಮೋಸ್ಟಾಟ್ ಇಳಿಸಿ, ಸಿಲಿಂಡರ್ ಬಂದ್ ಮಾಡಿ, ಫ್ಯಾನ್ ತಾನಾಗಿ ನಿಲ್ಲುವವರೆಗೆ ಬಿಡಿ. ಆ ಐದು ಹತ್ತು ನಿಮಿಷ ಅದು ಪೆಟ್ಟಿಗೆಯನ್ನು ತಣ್ಣಗೆ ಮಾಡುತ್ತಿರುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗುವುದು ಹೇಗೂ ಇದ್ದದ್ದೇ. ಹಾಗೆ ಹೋದಾಗ ಒಳ್ಳೆಯ ಹೀಟರಿನ ವಾಲ್ವ್ ತಾನೇ ಮುಚ್ಚುತ್ತದೆ. ಆದರೆ ಕರೆಂಟಿಲ್ಲದೆ ಉರಿಯುವ ಸಣ್ಣ ಹೀಟರಿಗೆ ಬೇರೆ ಟೇಬಲ್ ಫ್ಯಾನ್ ಇಟ್ಟು ನಡೆಸುವವರು ಇದ್ದಾರೆ. ಫ್ಯಾನ್ ನಿಂತರೂ ಅಲ್ಲಿ ಉರಿ ನಿಲ್ಲುವುದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ.

ಏಪ್ರಿಲ್, ಮೇಯಲ್ಲಿ ಇನ್ನೊಂದು ದೂರು ಬರುತ್ತದೆ: ಹತ್ತುತ್ತದೆ, ಕೆಲವೇ ಸೆಕೆಂಡಿನಲ್ಲಿ ಆರಿ ಹೋಗುತ್ತದೆ. ತುಂಬ ಸಲ ಕಾರಣ ಅರ್ಥಿಂಗ್. ಉರಿ ಇದೆಯಾ ಎಂದು ನೋಡುವ ಕಡ್ಡಿ ಉರಿಯ ಮೂಲಕ ಹರಿಯುವ ತೀರಾ ಸಣ್ಣ ಕರೆಂಟನ್ನು ಅಳೆಯುತ್ತದೆ, ಅದಕ್ಕೆ ಸರಿಯಾದ ಅರ್ಥ್ ಬೇಕು. ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಎಲುಬಿನ ಹಾಗೆ ಒಣಗಿರುತ್ತದೆ. ಅರ್ಥ್ ಗುಂಡಿಗೆ ನೀರು ಹಾಕಿ, ಕಡ್ಡಿಯನ್ನು ಒರೆಸಿ ನೋಡಿದರೆ ಎಷ್ಟೋ ಹೀಟರ್ ಸರಿಯಾಗಿದೆ. ಸುಮ್ನೆ ಬೋರ್ಡ್ ಬದಲಿಸಿ ಸಾವಿರಾರು ರೂಪಾಯಿ ಕಳೆದುಕೊಂಡವರೂ ಇದ್ದಾರೆ.

ಸಿಲಿಂಡರ್ 19 ಕೆ.ಜಿ.ಯದ್ದೇ ಇರಲಿ, ಮನೆಯ 14.2 ಕೆ.ಜಿ.ಯದ್ದನ್ನು ಇದಕ್ಕೆ ಹಾಕುವುದು ಕಾನೂನಿಗೂ ವಿರುದ್ಧ. ಒಂದು ಸಿಲಿಂಡರಿನಿಂದ ನಿಧಾನಕ್ಕೆ ಎಷ್ಟು ಗ್ಯಾಸ್ ಆವಿಯಾಗಿ ಬರುತ್ತದೋ ಅಷ್ಟೇ ಎಳೆಯಬೇಕು. ಜಾಸ್ತಿ ಎಳೆದರೆ ಅದರ ಮೈ ಬೆವರಿ ಮಂಜುಗಟ್ಟುತ್ತದೆ, ಉರಿ ಸಣ್ಣಗಾಗುತ್ತದೆ. ಆಗ ಬಿಸಿನೀರು ಹೊಯ್ಯುವುದು, ಸಿಲಿಂಡರ್ ಅಡ್ಡ ಮಲಗಿಸುವುದು, ಎರಡೂ ತೀರಾ ಅಪಾಯ. ಅಡ್ಡ ಮಲಗಿಸಿದರೆ ದ್ರವವೇ ಪೈಪಿಗೆ ಬರುತ್ತದೆ. ಎರಡು ಮೂರು ಸಿಲಿಂಡರನ್ನು ಹೊರಗೆ, ನೆರಳಲ್ಲಿ, ಮ್ಯಾನಿಫೋಲ್ಡಿಗೆ, ಅಂದರೆ ಎಲ್ಲವನ್ನೂ ಒಂದೇ ಪೈಪಿಗೆ ಸೇರಿಸುವ ಕೊಳವೆಗೆ, ಜೋಡಿಸಿ. ಹೀಟರಿನ ಪ್ಲೇಟಿನಲ್ಲಿ ಗ್ಯಾಸಿನ ಒತ್ತಡ 30 ಮಿಲಿಬಾರ್ ಎಂದಿದ್ದರೆ ಅಷ್ಟೇ ಕೊಡುವ ರೆಗ್ಯುಲೇಟರ್ ಹಾಕಿ. ಸಿಲಿಂಡರಿನ ಕುತ್ತಿಗೆಯ ಪಟ್ಟಿಯಲ್ಲಿ ಎ, ಬಿ, ಸಿ, ಡಿ ಅಕ್ಷರ ಮತ್ತು ವರ್ಷ ಇರುತ್ತದೆ. ಎ ಎಂದರೆ ಮಾರ್ಚ್‌ವರೆಗೆ, ಡಿ ಎಂದರೆ ಡಿಸೆಂಬರ್‌ವರೆಗೆ. ಅವಧಿ ದಾಟಿದ್ದನ್ನು ವಾಪಸ್ ಕಳಿಸಿ. ಪೈಪನ್ನು ಐದು ವರ್ಷಕ್ಕೆ ಬದಲಿಸಿ, ಅಡಿಕೆ ಗೋದಾಮಿನಲ್ಲಿ ಇಲಿ ಕಡಿಯುವುದು ಬೇರೆ ಉಂಟು.

ಮೇ ತಿಂಗಳಲ್ಲೇ ಮೆಕ್ಯಾನಿಕನ್ನು ಕರೆಸಿ. ಬರ್ನರ್ ಬಿಚ್ಚಬೇಕು, ಹುಳದ ಗೂಡು, ಜೇಡರ ಬಲೆ ತೆಗೆಯಬೇಕು. ಗ್ಯಾಸ್ ಹೊರಬರುವ ನೋಜಲಿಗೆ ಸೂಜಿ ಚುಚ್ಚಬಾರದು, ತೂತು ದೊಡ್ಡದಾದರೆ ಗ್ಯಾಸ್ ಜಾಸ್ತಿ ಬಂದು ಮತ್ತೆ ಅದೇ ಹಳದಿ ಉರಿ. ಹೊಗೆ ಕೊಳವೆಯ ಟೊಪ್ಪಿಯಲ್ಲಿ ಕಾಗೆ ಗೂಡು ಕಟ್ಟಿದೆಯಾ, ತೆಂಗಿನ ಹಾಳೆ ಬಿದ್ದಿದೆಯಾ ಎಂದು ಏಣಿ ಹತ್ತಿ ನೋಡಬೇಕು. ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ನೋಡಬೇಕು, ಬೆಂಕಿಕಡ್ಡಿ ಹಿಡಿದು ಅಲ್ಲ. ಕೊನೆಗೆ ಮೀಟರ್ ಇಟ್ಟು ಕಾರ್ಬನ್ ಮೊನಾಕ್ಸೈಡ್ ಅಳೆಯಲು ಹೇಳಿ. ಅಳೆಯದೆ ಹೊರಟರೆ ಸರ್ವಿಸ್ ಮುಗಿದಿಲ್ಲ.

ಅಲಾರಂ ಎರಡು ಬೇರೆ ಬೇರೆ ತೆಗೆದುಕೊಳ್ಳಿ. ಗ್ಯಾಸ್ ಲೀಕಿನದು ನೆಲದಿಂದ ಒಂದಡಿ ಎತ್ತರದಲ್ಲಿ ಇರಲಿ. ಕಾರ್ಬನ್ ಮೊನಾಕ್ಸೈಡ್‌ದು ನಿಮ್ಮ ಮುಖದ ಎತ್ತರದಲ್ಲಿ, ಹೀಟರಿನಿಂದ ಸ್ವಲ್ಪ ದೂರ. ಮೊದಲನೆಯದು ಕೂಗಿದರೆ ಸ್ವಿಚ್ ಮುಟ್ಟದೆ, ಸಿಲಿಂಡರ್ ಬಂದ್ ಮಾಡಿ, ಬಾಗಿಲು ತೆರೆದು, ಹೊರಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ. ಎರಡನೆಯದು ಕೂಗಿದರೆ ಮೊದಲು ಮನುಷ್ಯರು ಹೊರಗೆ. ಯಾರಾದರೂ ಮಂಕಾಗಿದ್ದರೆ 108. ಆಸ್ಪತ್ರೆಯಲ್ಲಿ ಡಾಕ್ಟರಿಗೆ "ಗ್ಯಾಸ್ ಹೀಟರ್ ಇರುವ ಕೋಣೆಯಲ್ಲಿ ಇದ್ದರು" ಎಂದು ನೀವೇ ಬಾಯಿಬಿಟ್ಟು ಹೇಳಬೇಕು. ಬೆರಳಿಗೆ ಹಾಕುವ ಆಕ್ಸಿಮೀಟರ್ ಈ ವಿಷ ಇದ್ದರೂ 98 ಎಂದೇ ತೋರಿಸಬಹುದು.