ಡ್ರಾಯಿಂಗ್ ಸಿಕ್ಕಿದರೆ ಜೆಟ್ ಎಂಜಿನ್ ಆಗುವುದಿಲ್ಲ

ಜೆಟ್ ಎಂಜಿನ್ನಿನೊಳಗೆ ಬಿಸಿ ಅನಿಲದ ರಭಸಕ್ಕೆ ತಿರುಗುವ ಅಲಗುಗಳೇ ಟರ್ಬೈನ್ ಬ್ಲೇಡುಗಳು. ಅವುಗಳ ಲೋಹ ಪರೀಕ್ಷೆ ನನ್ನ ಕೆಲಸ. ಇದು ಗೊತ್ತಾದ ಕೂಡಲೇ ಜನ ಕೇಳುವುದು: ‘ಜೆಟ್ ಎಂಜಿನ್ ಮೊದಲು ಮಾಡಿದ್ದು ಬ್ರಿಟಿಷರೋ ಜರ್ಮನ್ನರೋ?’ ಬೆನ್ನಿಗೇ ಇನ್ನೊಂದು: ‘ಡ್ರಾಯಿಂಗ್ ಸಿಕ್ಕರೆ ಯಾರು ಬೇಕಾದ್ರೂ ಮಾಡಬಹುದು, ಅಲ್ವಾ ಸಾರ್?’

ಮೊದಲನೆಯದನ್ನು ಬೇಗ ಮುಗಿಸೋಣ. ಬ್ರಿಟನ್ನಿನ ಫ್ರಾಂಕ್ ವಿಟಲ್ ಪೇಟೆಂಟಿಗೆ ಅರ್ಜಿ ಹಾಕಿದ್ದು 1930ರಲ್ಲಿ. ಮೊದಲು ಹಾರಿದ್ದು ಜರ್ಮನಿಯ ಹಾನ್ಸ್ ಫಾನ್ ಓಹೈನ್ ಎಂಜಿನ್ ಕೂರಿಸಿದ ಹೈಂಕೆಲ್ 178 ವಿಮಾನ, 1939ರ ಆಗಸ್ಟ್ 27ರಂದು. ವಿಟಲ್ ಎಂಜಿನ್ ಆಕಾಶ ಕಂಡಿದ್ದು 1941ರ ಮೇ ತಿಂಗಳಲ್ಲಿ. ನಡುವೆ 1935ರಲ್ಲಿ 5 ಪೌಂಡ್ ನವೀಕರಣ ಶುಲ್ಕ ಕಟ್ಟದೆ ಆ ಪೇಟೆಂಟ್ ರದ್ದಾಯಿತು. ಸರ್ಕಾರ ಕಟ್ಟಲು ಒಪ್ಪಲಿಲ್ಲ, ವಿಟಲ್ ಕೈಯಲ್ಲಿ ದುಡ್ಡಿರಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಆದರೆ ಫ್ರಾನ್ಸಿನ ಮ್ಯಾಕ್ಸಿಮ್ ಗಿಯೋಮ್ 1921ರಲ್ಲೇ ಇಂಥ ಎಂಜಿನ್ನಿಗೆ ಪೇಟೆಂಟ್ ಅರ್ಜಿ ಹಾಕಿದ್ದರು. ಕಾಗದದ ಮೇಲೆ ಎಲ್ಲ ಇತ್ತು. ಎಂಜಿನ್ ಮಾತ್ರ ಹುಟ್ಟಲಿಲ್ಲ.

ದಯವಿಟ್ಟು ಇಲ್ಲಿ ಸ್ವಲ್ಪ ತಾಳ್ಮೆಯಿಂದ ಓದಿ. ಟರ್ಬೈನ್ ಬ್ಲೇಡು ಕೆಂಪಗೆ ಕಾದಿರುತ್ತದೆ. ಹಾಗೆ ಕಾದುಕೊಂಡೇ ತಿರುಗುತ್ತದೆ. ಜರ್ಮನ್ನರ ಯುಮೋ 004 ಎಂಬ ಜೆಟ್ ಎಂಜಿನ್ನಿನಲ್ಲಿ ನಿಮಿಷಕ್ಕೆ 8,700 ಸುತ್ತು. ಆ ವೇಗಕ್ಕೆ ಬ್ಲೇಡನ್ನು ಹೊರಕ್ಕೆ ಎಳೆಯುವ ಬಲ ವಿಪರೀತ. ಬಿಸಿಲಿಗಿಟ್ಟ ಬೆಲ್ಲ ಕರಗದೆಯೇ ಮೆತ್ತಗಾಗುತ್ತದಲ್ಲ, ಬ್ಲೇಡಿನ ಪಾಡೂ ಅದೇ. ಕರಗುವುದಿಲ್ಲ, ಗಂಟೆ ಗಂಟೆಗೂ ಕೂದಲೆಳೆಯಷ್ಟು ಉದ್ದವಾಗುತ್ತಾ ಹೋಗುತ್ತದೆ. ಇದನ್ನೇ ಕ್ರೀಪ್ ಅನ್ನುವುದು. ಕೊನೆಗೆ ಸುತ್ತಲಿನ ಕವಚಕ್ಕೆ ಉಜ್ಜುತ್ತದೆ, ಇಲ್ಲವೇ ಕಿತ್ತುಕೊಂಡು ಹೋಗುತ್ತದೆ. ಡ್ರಾಯಿಂಗಿನಲ್ಲಿ ಬ್ಲೇಡಿನ ಆಕಾರ ಇರುತ್ತದೆ. ಅದು ಎಷ್ಟು ಗಂಟೆ ಬಾಳುತ್ತದೆ ಅನ್ನುವುದು ಲೋಹದಲ್ಲಿರುತ್ತದೆ. ದಹನ ಕೋಣೆಯ ತಲೆನೋವು ಬೇರೆಯೇ ಇದೆ, ಬ್ಲೇಡೊಂದೇ ಸಮಸ್ಯೆ ಎಂದು ನಾನು ಹೇಳುತ್ತಿಲ್ಲ.

ಯುಮೋ ರೂಪಿಸಿದ ಆನ್ಸೆಲ್ಮ್ ಫ್ರಾಂಟ್ಸ್ ತಂಡಕ್ಕೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಆದರೆ ಯುದ್ಧದ ಜರ್ಮನಿಯಲ್ಲಿ, ಕಾದರೂ ಗಟ್ಟಿಯಾಗಿ ನಿಲ್ಲುವ ಲೋಹಕ್ಕೆ ಬೇಕಾದ ನಿಕ್ಕಲ್‌ಗೆ ಬರ. ಹಾಗಾಗಿ ಒಳಗೆ ಟೊಳ್ಳಾದ ಬ್ಲೇಡು ಮಾಡಿ, ತಣ್ಣನೆ ಗಾಳಿ ಹಾಯಿಸಿ, ನಿಕ್ಕಲ್ ಇಲ್ಲದ ಉಕ್ಕಿನಲ್ಲೇ ಕೆಲಸ ಸಾಗಿಸಿದರು. ಜಾಣತನ ಅಂದ್ರೆ ಅದು! ಆದರೂ ಎಂಜಿನ್ನಿನ ಆಯಸ್ಸು 10ರಿಂದ 25 ಗಂಟೆ. ಬ್ರಿಟನ್ನಿಗೆ ಆ ಹೊತ್ತಿಗೆ ನಿಮೋನಿಕ್ ಎಂಬ ನಿಕ್ಕಲ್ ಮಿಶ್ರಲೋಹ ಸಿಕ್ಕಿತ್ತು.

‘ಜಪಾನಿನವರು ಒಂದೇ ಡ್ರಾಯಿಂಗ್ ನೋಡಿ ಮಾಡಿಬಿಟ್ಟರಲ್ಲ ಸಾರ್’ ಎಂದು ಒಬ್ಬ ವಿದ್ಯಾರ್ಥಿ ನನ್ನನ್ನು ಸಿಕ್ಕಿಸಲು ನೋಡಿದ. ಓದಿಕೊಂಡು ಬಂದಿದ್ದ, ಖುಷಿಯಾಯಿತು. ನಿಜ, ಜರ್ಮನಿಯಿಂದ ತಂದ ಬಿಎಂಡಬ್ಲ್ಯು 003 ಜೆಟ್ ಎಂಜಿನ್ನಿನ ಚಿತ್ರ ನೋಡಿ ಅವರು ನೆ-20 ಎಂಬ ಎಂಜಿನ್ ಮಾಡಿದರು. 1945ರ ಆಗಸ್ಟ್ 7ರಂದು ಅದನ್ನು ಕೂರಿಸಿದ ಕಿಕ್ಕಾ ವಿಮಾನ ಹಾರಿತು ಕೂಡ. ಆದರೆ ಅವರಿಗೂ ನಿಕ್ಕಲ್ ಕೊರತೆ, ಬ್ಲೇಡುಗಳಲ್ಲಿ ಬಿರುಕು. ಸುಮ್ನೆ ಹಾರುವುದು ಬೇರೆ, ದಿನಾ ಹಾರುವುದು ಬೇರೆ ಕಣಪ್ಪಾ ಎಂದೆ.

ಸೋವಿಯತ್ ಕಥೆ ಇನ್ನೂ ಚೆನ್ನಾಗಿದೆ. 1946ರಲ್ಲಿ ಬ್ರಿಟನ್ ಅವರಿಗೆ ರೋಲ್ಸ್ ರಾಯ್ಸ್ ನೀನ್ ಎಂಜಿನ್ನುಗಳನ್ನು ಮಾರಲು ಒಪ್ಪಿತು. ಬಿಚ್ಚಿ ನೋಡಲು ಇಡೀ ಎಂಜಿನ್ನೇ ಕೈಗೆ ಬಂತು. ಅದರ ನಕಲು ಆರ್‌ಡಿ-45 ಮಿಗ್-15 ಯುದ್ಧವಿಮಾನದ ಹೊಟ್ಟೆ ಸೇರಿತು. ಆದರೂ ನಿಮೋನಿಕ್‌ಗೆ ಸಮನಾದ ಲೋಹವನ್ನು ಅವರ ಲೋಹಶಾಸ್ತ್ರಜ್ಞರು ತಾವೇ ಕೂತು ತಯಾರಿಸಬೇಕಾಯಿತು.