ಮಕ್ಕಳ ಸರ್ಕಾರಿ ಆರೋಗ್ಯ ವಿಮೆ: ದುಡ್ಡು ಕೊಡುವ ಯೋಜನೆ, ಕಾಯಿಲೆ ಹುಡುಕುವ ಯೋಜನೆ

ಈ ವಿಷಯ ಓದಲು ಕೂತಾಗ ಮೊದಲು ಬರುವ ಪ್ರಶ್ನೆ: ಕರ್ನಾಟಕದಲ್ಲಿ ಮಗುವಿನ ಹೆಸರಲ್ಲೇ ಬೇರೆ ಪಾಲಿಸಿ ಮಾಡಿಸಬೇಕಾ? ಬೇಡ. ಮನೆಯವರಿಗೆಲ್ಲ ಸಿಗುವ ರಕ್ಷಣೆಯ ಒಳಗೇ ಮಗುವೂ ಇರುತ್ತದೆ. ಯೋಜನೆಯ ಹೆಸರು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ, ಶುರುವಾಗಿದ್ದು 2018ರಲ್ಲಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬವಾದರೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆಯಲ್ಲಿ ಮೊದಲೇ ಗೊತ್ತುಮಾಡಿದ ದರದ) ಶೇ. 30ರಷ್ಟನ್ನು ಸರ್ಕಾರ ಕೊಡುತ್ತದೆ, ಮಿತಿ ವರ್ಷಕ್ಕೆ 1.5 ಲಕ್ಷ.

ಇಲ್ಲಿ ಮಕ್ಕಳಿಗೆ ತುಂಬ ಮುಖ್ಯವಾದ ಒಂದು ಅಂಶವಿದೆ. ಪರೀಕ್ಷೆಯಲ್ಲಿ ಇದನ್ನು ಬಿಡಬೇಡಿ. ಕುಟುಂಬದಲ್ಲಿ ಇಷ್ಟೇ ಜನ ಇರಬೇಕು ಅನ್ನೋ ಮಿತಿ ಇಲ್ಲ. 2008ರಲ್ಲಿ ಬಂದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯಲ್ಲಿ ಕುಟುಂಬಕ್ಕೆ ಸಿಗುತ್ತಿದ್ದದ್ದು 30,000 ರೂ., ಅದೂ ಐದೇ ಜನಕ್ಕೆ. ಗಂಡ, ಹೆಂಡತಿ, ಅಜ್ಜಿ, ಮೂರು ಮಕ್ಕಳು ಇರುವ ಮನೆ ಅಂದುಕೊಳ್ಳಿ. ಒಬ್ಬರ ಹೆಸರು ಕೈಬಿಡಲೇಬೇಕಿತ್ತು. ಅಜ್ಜಿಯದನ್ನೋ, ಕೊನೆಯ ಮಗಳದನ್ನೋ? ಅಂಥ ಲೆಕ್ಕವನ್ನು ಯಾವ ತಾಯಿಗೂ ಹಾಕಿಸಬಾರದು. ಈಗ ಹಾಕಬೇಕಾಗಿಲ್ಲ. ಕಾಯಿಲೆ ಮೊದಲೇ ಇತ್ತು ಅಂತ ಹೇಳಿ ದೂರ ಇಡುವಂತೆಯೂ ಇಲ್ಲ. ಹೃದಯದಲ್ಲಿ ರಂಧ್ರ ಇಟ್ಟುಕೊಂಡೇ ಹುಟ್ಟಿದ ಮಗುವಿಗೆ ಇದಕ್ಕಿಂತ ದೊಡ್ಡ ನಿಯಮ ಇಲ್ಲ, ಅಲ್ವಾ?

‘ವಿಮೆ’ ಅನ್ನೋ ಪದದ ಬಗ್ಗೆಯೂ ಒಂದು ಮಾತು. ಇಲ್ಲಿ ಮನೆಯವರು ಪ್ರೀಮಿಯಂ ಕಟ್ಟುವುದಿಲ್ಲ, ನಡುವೆ ವಿಮಾ ಕಂಪನಿಯೂ ಇಲ್ಲ. ಸರ್ಕಾರದ್ದೇ ಆದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಆಸ್ಪತ್ರೆಗೆ ನೇರವಾಗಿ ಹಣ ಕೊಡುತ್ತದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ರೆಫರಲ್ ಪತ್ರ ಕೊಡುತ್ತಾರೆ, ಅದನ್ನು ಹಿಡಿದು ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋಗಬಹುದು. ತುರ್ತು ಚಿಕಿತ್ಸೆಗೆ ಈ ಪತ್ರ ಬೇಡ.

ಸರಿ, ದುಡ್ಡಿನ ಕಥೆ ಆಯಿತು. ಆದರೆ ಎರಡು ವರ್ಷದ ಮಗು ತನ್ನ ಕಾಯಿಲೆಯನ್ನು ತಾನೇ ಹೇಳುತ್ತದೆಯೇ? ಓಡುವಾಗ ಬೇಗ ಸುಸ್ತಾಗುತ್ತದೆ, ಕರೆದರೆ ತಿರುಗುವುದಿಲ್ಲ. ಮನೆಯವರು ‘ಸುಮ್ನೆ ಹಟ’ ಅಂದುಕೊಳ್ಳುತ್ತಾರೆ. ಕಾಯಿಲೆ ಇದೆ ಅಂತ ಗೊತ್ತೇ ಆಗದಿದ್ದರೆ 5 ಲಕ್ಷದಿಂದ ಏನು ಉಪಯೋಗ? ಹಾಗಾಗಿ ಈ ಪಾಠವನ್ನು ಇನ್ನೊಂದು ಯೋಜನೆಯ ಜೊತೆ ಸೇರಿಸಿಯೇ ಓದಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಅದು 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, ಅಂದರೆ ಆರ್‌ಬಿಎಸ್‌ಕೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ನಾಲ್ಕು ಬಗೆಯ ತೊಂದರೆ ಹುಡುಕುತ್ತಾರೆ: ಹುಟ್ಟಿನಿಂದಲೇ ಬಂದ ದೋಷ, ಪೋಷಕಾಂಶದ ಕೊರತೆ, ಬಾಲ್ಯದ ಕಾಯಿಲೆ, ಬೆಳವಣಿಗೆಯಲ್ಲಿ ಹಿಂದುಳಿಯುವುದು. ಕೂಸಿಗೆ ಆರು ವಾರ ಆಗುವವರೆಗೆ ಆಶಾ ಕಾರ್ಯಕರ್ತೆ ಮನೆಗೇ ಬಂದು ನೋಡುತ್ತಾರೆ. ಆಮೇಲೆ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಸಲ ಬರುತ್ತದೆ. ಸಾಲ ಮಾಡಿ ಚಿಕ್ಕ ಖಾಸಗಿ ಶಾಲೆಗೆ ಸೇರಿಸಿದ ಬಡವರ ಮಗು ಮಾತ್ರ ಈ ತಪಾಸಣೆಯಿಂದ ಹೊರಗೇ ಉಳಿಯುತ್ತದೆ. ಇದು ನನ್ನನ್ನು ತುಂಬ ಕಾಡುವ ವಿಷಯ.

ಇನ್ನೊಂದು ತೊಡಕಿದೆ. ವಿಮೆ ಬಹುತೇಕ ಆಸ್ಪತ್ರೆಗೆ ದಾಖಲಾದಾಗಿನ ಖರ್ಚಿಗೆ. ಮಕ್ಕಳಿಗೆ ಬೇಕಾಗಿರುವುದು ಜಾಸ್ತಿ ಹೊರರೋಗಿ ವಿಭಾಗದಲ್ಲೇ. ಪಾದ ಒಳಕ್ಕೆ ತಿರುಗಿ ಹುಟ್ಟಿದ ಕೂಸಿಗೆ ವಾರಕ್ಕೊಂದು ಸಲ ಪ್ಲಾಸ್ಟರ್ ಬದಲಿಸುತ್ತಾ ಹೋದರೆ ಪಾದ ನೆಟ್ಟಗಾಗುತ್ತದೆ. ಅದಕ್ಕೆ ಅಡ್ಮಿಟ್ ಆಗಬೇಕಿಲ್ಲ. ಆದರೆ ಪ್ರತಿ ವಾರ ಬಸ್ ಚಾರ್ಜು, ಜೊತೆಗೆ ತಾಯಿಯ ಒಂದು ದಿನದ ಕೂಲಿ ಹೋಗುತ್ತದೆ. ಅದು ಯಾವ ಪ್ಯಾಕೇಜಿನಲ್ಲೂ ಇಲ್ಲ.

ಅವಧಿಗೆ ಮುಂಚೆ ಹುಟ್ಟಿದ ಮಗುವಿನ ಕಣ್ಣನ್ನಂತೂ ನಾಲ್ಕು ವಾರದೊಳಗೆ ಪರೀಕ್ಷಿಸಬೇಕು. ರೆಟಿನಾದ (ಕಣ್ಣಿನ ಒಳಗಿನ ಹಿಂಬದಿಯ ಪದರದ) ತೊಂದರೆ ತಡವಾಗಿ ಕಂಡರೆ ದೃಷ್ಟಿ ವಾಪಸ್ ಬರುವುದಿಲ್ಲ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಕಿಡ್‌ರಾಪ್ ಅನ್ನೋ ಕಣ್ಣಿನ ತಪಾಸಣೆಯ ಕಾರ್ಯಕ್ರಮ ಶುರು ಮಾಡಿದ್ದು ಇದಕ್ಕಾಗಿಯೇ. ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗಿ ಕಣ್ಣಿನ ಚಿತ್ರ ತೆಗೆದರೆ, ತಜ್ಞರು ದೂರದಿಂದಲೇ ನೋಡುತ್ತಾರೆ.

ಫೀಲ್ಡ್ ವಿಸಿಟ್‌ಗೆ ಹೋದಾಗ ಅಂಗನವಾಡಿ ಟೀಚರನ್ನು ಇದನ್ನೇ ಕೇಳಿ: ಹೋದ ಸಲದ ತಪಾಸಣೆಯಲ್ಲಿ ತೊಂದರೆ ಕಂಡು ರೆಫರ್ ಮಾಡಿದ ಮಗು ಜಿಲ್ಲಾ ಆಸ್ಪತ್ರೆಗೆ ಹೋಯಿತಾ? ಹೋಗದಿದ್ದರೆ ಯಾಕೆ?